ಅತಿಥಿಗೃಹವೂ ಮೊದಲ ಮಳೆಗಾಲವೂ

ಬೆಂಗಳೂರಿನಿಂದ ಹೊರಟು ತುಮಕೂರು, ಅರಸೀಕೆರೆ, ಕಡೂರು, ಬೀರೂರು, ತರೀಕೆರೆಗಳನ್ನು ಹಾದು, ಜೋಗದ ಸಮೀಪದಲ್ಲಿ ಘಟ್ಟವನ್ನಿಳಿದು, ಪಡುವಣ ಕಡಲ ದಡದ ಹೊನ್ನಾವರವನ್ನು ಸೇರುವ ಹೆದ್ದಾರಿಯು, ಬಯಲುಸೀಮೆಯನ್ನು ಬಿಟ್ಟು ಮಲೆನಾಡಿಗೆ ಕಾಲಿಡುವ ಎಡೆಯಲ್ಲಿ, ಮೊದಲು ಭದ್ರೆಯ ದಡದ ಭದ್ರಾವತಿಯನ್ನೂ ಅನಂತರ ತುಂಗೆಯ ದಡದ ಶಿವಮೊಗ್ಗೆಯನ್ನೂ ಮುಟ್ಟುತ್ತದೆ. ಎರಡೂ ಊರಿನವರು ಇಂದಿಗೂ ಬಿ.ಎಚ್. ರಸ್ತೆಯೆಂದೇ ಕರೆಯುವ ಈ ದಾರಿಯಲ್ಲಿ, ಅಡಿಕೆಯ ವ್ಯಾಪಾರಿ, ನ್ಯಾಯಾಲಯಕ್ಕೆ ಬಂದ ಕಕ್ಷಿಗಾರ, ಆಸ್ಪತ್ರೆಗೆ ಸೇರಿದ ರೋಗಿಯ ಬಂಧು, ಮದುವೆಯ ನೆಂಟ, ಆಗುಂಬೆಯನ್ನೂ ಜೋಗವನ್ನೂ ಕಾಣಹೊರಟ ಸಂಸಾರ, ಇವರೆಲ್ಲರೂ ಒಂದಿರುಳಿನ ಆಶ್ರಯವನ್ನು ಬಯಸಿ ನಿಲ್ಲುವುದು ಅನಾದಿಯಿಂದ ನಡೆದುಬಂದ ಸಂಗತಿ. ಅವರಿಗಾಗಿ ಹೊಸ ಹೊಸ ಹೋಟೆಲುಗಳು ಒಂದರ ಮಗ್ಗುಲಲ್ಲಿ ಇನ್ನೊಂದು ಏಳುತ್ತಿರುವುದು ಈಚಿನ ಸಂಗತಿ. ಆದರೆ ಉದ್ಘಾಟನೆಯಾಗಿ ವರ್ಷ ತುಂಬುವ ಮುನ್ನವೇ ಗೋಡೆಯ ಬಣ್ಣ ಹಪ್ಪಳದಂತೆ ಉಬ್ಬೆದ್ದು, ಬಚ್ಚಲಿನ ನೀರು ಜಾಲರಿಯ ಕಡೆಗೆ ಹರಿಯದೆ ಬಾಗಿಲ ಕಡೆಗೆ ಹರಿದು, ಹೊಸ ಕೊಠಡಿಯೊಳಗೆ ಮುಗ್ಗಲು ವಾಸನೆ ನೆಲಸಿಬಿಡುವುದನ್ನು ತಂಗಿದವರು ಅನೇಕರು ಕಂಡಿದ್ದಾರೆ. ಈ ದೋಷಗಳ ಮೂಲವನ್ನು ಅರಿಯಬೇಕಾದರೆ, ಈ ಎರಡು ಊರುಗಳಲ್ಲಿ ಪಥಿಕನಿಗಾಗಿ ಮಾಡು ಕಟ್ಟುವ ಬಗೆಯು ಕಾಲಕಾಲಕ್ಕೆ ಹೇಗೆ ಮಾರ್ಪಟ್ಟಿತೆಂಬುದನ್ನು ಮೊದಲಿನಿಂದ ನೋಡತಕ್ಕದ್ದು.

ಮಲೆನಾಡಿನ ಕಟ್ಟಡಗಳನ್ನು ಪರೀಕ್ಷಿಸುವ ಅಧಿಕಾರವು ಎಂದಿನಿಂದಲೂ ಮಳೆಗೆ ಸೇರಿದ್ದು. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಶಿವಮೊಗ್ಗ ಭದ್ರಾವತಿಗಳಿಗೆ ಅದರಲ್ಲಿ ದೊರೆಯುವುದು ಅಲ್ಪಾಂಶವೇ ಆದರೂ, ಜೂನಿನಿಂದ ಮೊದಲಾಗಿ ತಿಂಗಳುಗಟ್ಟಲೆ ಬಿಸಿಲನ್ನೇ ಕಾಣದಂತೆ ಕವಿದ ಮೋಡವೂ, ಗೋಡೆಯನ್ನು ಅಡ್ಡಲಾಗಿ ಹೊಡೆಯುವ ಜಡಿಯೂ, ಗಾಳಿಯಲ್ಲಿ ನಿಂತ ತೇವವೂ ಇಲ್ಲಿಯ ಕಟ್ಟಡಗಳಿಗೆ ತಪ್ಪಿದುದಲ್ಲ. ಈ ಸತ್ಯವನ್ನು ಪೂರ್ವಿಕರು ಕಲ್ಲಿನಲ್ಲಿಯೂ ಮರದಲ್ಲಿಯೂ ಬರೆದಿಟ್ಟು ಹೋಗಿದ್ದಾರೆ. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಕಟ್ಟಿದ ಲಕ್ಷ್ಮೀನರಸಿಂಹ ದೇವಾಲಯವು ಮೂರು ಗರ್ಭಗೃಹಗಳ ತ್ರಿಕೂಟವಾಗಿ ಎತ್ತರವಾದ ಜಗತಿಯ ಮೇಲೆ ನಿಂತಿದೆ. ಆ ಜಗತಿಯು ಭಕ್ತರ ಪ್ರದಕ್ಷಿಣೆಗೆ ಪಥವಾಗಿರುವಂತೆಯೇ ನೆಲದ ತೇವಕ್ಕೂ ಹರಿದುಬರುವ ನೀರಿಗೂ ಎಟುಕದಂತೆ ದೇಗುಲವನ್ನು ಎತ್ತಿ ಹಿಡಿದಿದೆ. ತೀರ್ಥಹಳ್ಳಿ ಸೀಮೆಯ ಕವಲೇದುರ್ಗದಲ್ಲಿ ಕೆಳದಿಯ ಅರಸರ ಅರಮನೆಯ ಅವಶೇಷಗಳನ್ನು ಅಗೆದು ತೆಗೆದಾಗ ಕಂಡುಬಂದ ಕಲ್ಲಿನ ಅಧಿಷ್ಠಾನ, ಸ್ನಾನಗೃಹ, ನೀರು ಹರಿಯುವ ಕಾಲುವೆಗಳು, ಕಟ್ಟುವವನ ಚಿತ್ತದಲ್ಲಿ ನೀರು ಹೊರಹೋಗುವ ದಾರಿಯು ಗೋಡೆಗಿಂತ ಮೊದಲು ಮೂಡಿತ್ತೆಂಬುದನ್ನು ಸಾರುತ್ತವೆ. ಶಿವಪ್ಪನಾಯಕನ ಹೆಸರಿನಿಂದ ಪ್ರಸಿದ್ಧವಾಗಿದ್ದರೂ ಹೈದರಾಲಿಯ ಕಾಲದ್ದೆಂದು ಇತಿಹಾಸಜ್ಞರು ಹೇಳುವ, ಈಗ ವಸ್ತುಸಂಗ್ರಹಾಲಯವಾಗಿರುವ ಶಿವಮೊಗ್ಗೆಯ ಅರಮನೆಯ ಮರದ ಕಂಬಗಳು, ಮಳೆಯು ತಲುಪದಂತೆ ಮಾಡು ಕಾಯ್ದುದರಿಂದಲೇ ಇಂದಿಗೂ ಭಾರವನ್ನು ಹೊತ್ತು ನಿಂತಿವೆ.

ಜನಸಾಮಾನ್ಯರ ಮನೆಗಳಲ್ಲಿಯೂ ಇದೇ ವಿವೇಕವು ಬಡತನದ ಸಾಮಗ್ರಿಗಳಲ್ಲಿ ಪ್ರಕಟವಾಗಿತ್ತು. ಕಡಿದಾದ ಇಳಿಜಾರಿನ ನಾಡಹಂಚಿನ ಮಾಡು, ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ಚಾಚಿದ ಸೂರು, ಅದರಡಿಯಲ್ಲಿ ಬೀದಿಗೆ ಮುಖಮಾಡಿದ ಜಗಲಿ, ಮಳೆಗಾಲ ಹತ್ತಿರವಾಯಿತೆಂದರೆ ಪಡುವಣ ಮಗ್ಗುಲಿನ ಮಣ್ಣಿನ ಗೋಡೆಗೆ ಅಡಿಕೆಯ ಸೋಗೆಯನ್ನು ಕಟ್ಟುವ ವಾಡಿಕೆ, ಮಳೆ ಮುಗಿದೊಡನೆ ಅದನ್ನು ಬಿಚ್ಚಿ ಗೋಡೆಗೆ ಬಿಸಿಲು ಕಾಣಿಸುವ ಎಚ್ಚರ, ಇವೆಲ್ಲವೂ ಶಾಸ್ತ್ರಗ್ರಂಥಗಳ ನೆರವಿಲ್ಲದೆ ಅನುಭವದಿಂದ ಸಿದ್ಧಿಸಿದ ವಾಸ್ತುವಿದ್ಯೆ. ಹೊತ್ತು ಮುಳುಗಿದ ಮೇಲೆ ಬಂದ ಪಥಿಕನು ಆ ಜಗಲಿಯ ಮೇಲೆಯೋ, ದೇವಸ್ಥಾನದ ಚಂದ್ರಶಾಲೆಯಲ್ಲಿಯೋ, ಪುಣ್ಯಾರ್ಥವಾಗಿ ಯಾರೋ ಕಟ್ಟಿಸಿದ ಛತ್ರದಲ್ಲಿಯೋ ಮಲಗಿ ಬೆಳಗಾಗುತ್ತಲೇ ಹೊರಡುತ್ತಿದ್ದನು. ಹಾಗೆಂದು ಆ ಕಾಲವನ್ನು ಸುವರ್ಣಯುಗವೆಂದು ಬಣ್ಣಿಸುವುದು ಸತ್ಯಕ್ಕೆ ದೂರವಾದ ಮಾತು. ಛತ್ರದಲ್ಲಿ ಏಕಾಂತವೆಂಬುದಿರಲಿಲ್ಲ, ಹೊಗೆಯೂ ತಗಣೆಯೂ ಗೆದ್ದಲೂ ಧಾರಾಳವಾಗಿದ್ದವು, ಎಲ್ಲಕ್ಕಿಂತ ಮಿಗಿಲಾಗಿ, ಜಾತಿಯನ್ನು ಕೇಳಿ ಬಾಗಿಲು ತೆರೆಯುವ ಅಥವಾ ಮುಚ್ಚುವ ಪದ್ಧತಿಯಿಂದಾಗಿ ದಣಿದು ಬಂದ ಎಷ್ಟೋ ಮಂದಿಗೆ ಆ ಮಾಡಿನ ನೆರಳು ದಕ್ಕಲಿಲ್ಲ. ಕಟ್ಟಡದ ಗುಣವನ್ನು ಹೊಗಳುವಾಗ ಆ ಕಟ್ಟಡವು ಯಾರನ್ನು ಹೊರಗಿಟ್ಟಿತ್ತೆಂಬುದನ್ನು ಮರೆಯಲಾಗದು.

1831ರಿಂದ 1881ರವರೆಗೆ ಮೈಸೂರು ಸೀಮೆಯು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, ಹೆದ್ದಾರಿಗಳೊಡನೆ ಪ್ರವಾಸಿ ಬಂಗಲೆಯೆಂಬ ಹೊಸ ಬಗೆಯ ವಸತಿಯು ಈ ನಾಡಿಗೆ ಬಂದಿತು; 1856ರಲ್ಲಿ ಸ್ಥಾಪಿತವಾದ ಲೋಕೋಪಯೋಗಿ ಇಲಾಖೆಯು ಇವುಗಳ ಪಾಲನೆಯನ್ನು ವಹಿಸಿಕೊಂಡಿತು. ಎತ್ತರವಾದ ತಳಪಾಯ, ಸುತ್ತಲೂ ಜಗಲಿಯಂತೆ ಹಬ್ಬಿದ ವರಾಂಡ, ದಪ್ಪ ಗೋಡೆ, ಗಾಳಿ ತೂರಿಹೋಗುವಂತೆ ಎದುರುಬದುರಾದ ಬಾಗಿಲುಗಳು, ಹಂಚಿನ ಮಾಡು ಇವು ಅದರ ಲಕ್ಷಣಗಳು. ಪರದೇಶದವರ ಅನುಕೂಲಕ್ಕಾಗಿ ಹುಟ್ಟಿದ ಕಟ್ಟಡವಾದರೂ ಅದು ಈ ನೆಲದ ಮಳೆಗೆ ವಿಧೇಯವಾಗಿತ್ತು. ಇದಕ್ಕಿಂತಲೂ ಗಮನಾರ್ಹವಾದುದು ಅದರ ಹಿಂದಿದ್ದ ವ್ಯವಸ್ಥೆ: ವರ್ಷಂಪ್ರತಿ ದುರಸ್ತಿಗೆಂದು ಹಣವನ್ನು ತೆಗೆದಿಡುವುದು, ಮಳೆಗೆ ಮುನ್ನ ಒಡೆದ ಹಂಚನ್ನು ಬದಲಾಯಿಸುವುದು, ಓವರ್‌ಸಿಯರನು ಬಂದು ನೋಡಿ ವರದಿಯನ್ನು ಬರೆಯುವುದು. ಆದರೆ ಆ ಬಂಗಲೆಯ ಹಿಂಬದಿಯಲ್ಲಿ, ಬಚ್ಚಲಿಗೂ ಶೌಚಕ್ಕೂ ಹೊರಗಿನಿಂದ ತೆರೆಯುವ ಪ್ರತ್ಯೇಕವಾದ ಬಾಗಿಲೊಂದಿರುತ್ತಿತ್ತು. ಅತಿಥಿಯ ಕಣ್ಣಿಗೆ ಬೀಳದೆ ಒಬ್ಬ ಮನುಷ್ಯನು ಅದರೊಳಗೆ ಬಂದು ಮತ್ತೊಬ್ಬ ಮನುಷ್ಯನ ಮಲವನ್ನು ಹೊತ್ತೊಯ್ಯಬೇಕಾಗಿತ್ತು. 1970ರ ದಶಕದಲ್ಲಿ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವವರೆಗೂ ಕರ್ನಾಟಕದ ಪಟ್ಟಣಗಳಲ್ಲಿ ಈ ಅಮಾನುಷತೆಯು ರಾಜಾರೋಷವಾಗಿ ನಡೆದುಬಂದಿತು. ಕೊಠಡಿಗೆ ಹೊಂದಿಕೊಂಡೇ ಬಚ್ಚಲನ್ನು ಕಟ್ಟಿ ಕೊಳವೆಯ ಮೂಲಕ ಕೊಳೆಯನ್ನು ಸಾಗಿಸುವ ಇಂದಿನ ಪದ್ಧತಿಯು, ಅದರ ಎಲ್ಲ ಸೋರಿಕೆಗಳ ನಡುವೆಯೂ, ಮನುಷ್ಯನ ಗೌರವದ ದೃಷ್ಟಿಯಿಂದ ದೊಡ್ಡದೊಂದು ಮುನ್ನಡೆಯೆಂಬುದನ್ನು ಒಪ್ಪಿಯೇ ಅದರ ದೋಷಗಳನ್ನು ಎಣಿಸತಕ್ಕದ್ದು.

1899ರಲ್ಲಿ ಬೀರೂರಿನಿಂದ ಶಿವಮೊಗ್ಗೆಗೆ ರೈಲುದಾರಿ ತೆರೆದ ತರುವಾಯ ಪ್ರಯಾಣಿಕರ ಸಂಖ್ಯೆಯೂ ಸ್ವರೂಪವೂ ಬದಲಾದುವು. ಪುಣ್ಯಾರ್ಥದ ಛತ್ರ, ಸರ್ಕಾರದ ಬಂಗಲೆ ಇವೆರಡರ ನಡುವೆ, ಹಣವನ್ನು ಕೊಟ್ಟವರಿಗೆ ಊಟವನ್ನೂ ಕೊಠಡಿಯನ್ನೂ ಒದಗಿಸುವ ಉದ್ಯಮವು ಇತರ ಪಟ್ಟಣಗಳಲ್ಲಿಯಂತೆ ಇಲ್ಲಿಯೂ ಬೇರೂರಿತು. ಕೆಳಗೆ ಕಾಫಿ ತಿಂಡಿಯ ಹೋಟೆಲು, ಮೇಲೆ ಸಾಲಾಗಿ ಕೊಠಡಿಗಳು, ಹಿತ್ತಿಲಲ್ಲಿ ಹಂಡೆಯ ನೀರು ಕಾಯುವ ಬಚ್ಚಲು ಎಂಬ ವಿನ್ಯಾಸವು ಬಹುಕಾಲ ನಿಂತಿತು. ಮಾಲೀಕನು ಅಲ್ಲಿಯೇ ಗಲ್ಲದ ಮೇಲೆ ಕುಳಿತಿರುತ್ತಿದ್ದುದರಿಂದ ಸೋರುವ ಹಂಚಿನ ಸುದ್ದಿಯು ಸೋರಿದ ದಿನವೇ ಅವನ ಕಿವಿಯನ್ನು ಮುಟ್ಟುತ್ತಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಮೊದಲ್ಗೊಂಡು ಪ್ರಚಾರಕ್ಕೆ ಬಂದ ಮಂಗಳೂರು ಹಂಚು, ಒಂದರೊಳಗೊಂದು ಕೊಂಡಿ ಹಾಕಿಕೊಳ್ಳುವ ಗುಣದಿಂದ ನಾಡಹಂಚನ್ನು ಕ್ರಮೇಣ ಹಿಂದೆ ಸರಿಸಿತು. ಸಾಮಗ್ರಿ ಹೊಸದಾಯಿತು, ಇಳಿಜಾರು ಮಾತ್ರ ಹಳೆಯದೇ ಉಳಿಯಿತು.

ಆ ಇಳಿಜಾರನ್ನು ಕೊನೆಗೆ ಕಳೆದ ಶಕ್ತಿಯು ಹುಟ್ಟಿದುದು ಭದ್ರಾವತಿಯ ಕುಲುಮೆಗಳಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಸಂಕಲ್ಪದಿಂದ, 1918ರಲ್ಲಿ ಆರಂಭವಾಗಿ 1923ರಲ್ಲಿ ಉತ್ಪಾದನೆಗೆ ತೊಡಗಿದ ಮೈಸೂರು ಕಬ್ಬಿಣದ ಕಾರ್ಖಾನೆಯು, ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಕಾಡಿನ ಮರದ ಇದ್ದಿಲಿನಿಂದ ಕರಗಿಸಿ ಕಬ್ಬಿಣವನ್ನು ತೆಗೆಯಿತು. 1930ರ ದಶಕದಲ್ಲಿ ಉಕ್ಕಿನ ತಯಾರಿಕೆಯೂ ಅದರ ಬೆನ್ನಿಗೆ ಸಿಮೆಂಟಿನ ತಯಾರಿಕೆಯೂ ಅದೇ ಊರಿನಲ್ಲಿ ನೆಲೆಗೊಂಡುವು. 1936ರಲ್ಲಿ ಮೈಸೂರು ಕಾಗದದ ಕಾರ್ಖಾನೆಯು ಸ್ಥಾಪಿತವಾಯಿತು. ಹಳೆಯ ಬೆಂಕಿಪುರದ ಪಕ್ಕದಲ್ಲಿ ನ್ಯೂಟೌನು, ಕಾಗದನಗರಗಳೆಂಬ ಹೊಸ ಬಡಾವಣೆಗಳು ಬೆಳೆದುವು. ಉಕ್ಕು ಮತ್ತು ಸಿಮೆಂಟು, ಅಂದರೆ ಬಲವರ್ಧಿತ ಕಾಂಕ್ರೀಟಿನ ಎರಡು ಪ್ರಧಾನಾಂಗಗಳು, ಒಂದೇ ಊರಿನಲ್ಲಿ ಸಿದ್ಧವಾಗುತ್ತಿದ್ದ ಭಾಗ್ಯವು ಆ ಕಾಲದಲ್ಲಿ ಭರತಖಂಡದ ಕೆಲವೇ ಪಟ್ಟಣಗಳಿಗಿತ್ತು. ಅದೇ ತಲೆಮಾರಿನ ಎಂಜಿನಿಯರರು 1911ರಿಂದ ಕನ್ನಂಬಾಡಿಯಲ್ಲಿ ಕಟ್ಟತೊಡಗಿದ ಅಣೆಕಟ್ಟಿಗೆ ಸುಣ್ಣವನ್ನೂ ಇಟ್ಟಿಗೆಯ ಪುಡಿಯನ್ನೂ ಬೆರೆಸಿದ ಸುರ್ಕಿ ಗಾರೆಯನ್ನು ಬಳಸಿದರು. ಸಾಮಗ್ರಿ ಯಾವುದಾದರೂ ಆಗಲಿ, ಅದರ ಸ್ವಭಾವವನ್ನು ಅರಿತು, ಅದಕ್ಕೆ ಸಲ್ಲಬೇಕಾದ ಕಾಲವನ್ನು ಸಲ್ಲಿಸಿದರೆ ಅದು ನಿಲ್ಲುತ್ತದೆಂಬುದಕ್ಕೆ ಆ ಕಟ್ಟೆಯೇ ಸಾಕ್ಷಿ.

ಕಾಂಕ್ರೀಟಿನ ಆಗಮನದಿಂದ ಮಹಡಿಯ ಮೇಲೆ ಮಹಡಿ ಏರುವುದು ಸುಲಭವಾಯಿತು. ತೊಲೆ, ಜಂತಿ, ರೀಪುಗಳ ಹಂಗು ತಪ್ಪಿತು. ಸ್ಥಳ ಕಿರಿದಾದ ಪೇಟೆಯ ಬೀದಿಗಳಲ್ಲಿ ಸಮತಲವಾದ ತಾರಸಿಯೇ ನಾಗರಿಕತೆಯ ಗುರುತೆನಿಸಿತು. ಆದರೆ ಈ ಹೊಸ ಪದಾರ್ಥವು ತನ್ನ ನಿಯಮಗಳನ್ನು ಮೀರಿದವರನ್ನು ಕ್ಷಮಿಸುವಂತಹುದಲ್ಲ. ಅದರೊಳಗೆ ಒತ್ತಡವನ್ನು ಕಾಂಕ್ರೀಟೂ ಎಳೆತವನ್ನು ಉಕ್ಕಿನ ಸರಳೂ ಹಂಚಿಕೊಳ್ಳುತ್ತವೆ. ಸರಳಿನ ಸುತ್ತ ಇರತಕ್ಕ ಕಾಂಕ್ರೀಟಿನ ಹೊದಿಕೆ ತೆಳುವಾಗಿಯೋ ಸಂದುಸಂದಾಗಿಯೋ ಇದ್ದರೆ ತೇವವು ಒಳಸೇರಿ ಸರಳು ತುಕ್ಕುಹಿಡಿಯುತ್ತದೆ. ತುಕ್ಕು ಮೂಲಲೋಹಕ್ಕಿಂತ ಹೆಚ್ಚಿನ ಸ್ಥಳವನ್ನು ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳಿ ಚೂರುಚೂರಾಗಿ ಉದುರುತ್ತದೆ. 1953ರಲ್ಲಿ ಮೊದಲು ಪ್ರಕಟವಾಗಿ 2000ದಲ್ಲಿ ನಾಲ್ಕನೆಯ ಬಾರಿ ಪರಿಷ್ಕೃತವಾದ ಐ.ಎಸ್. 456 ಎಂಬ ಭಾರತೀಯ ಮಾನಕವು, ಇಂತಹ ಹೊದಿಕೆಯು ಕಂಬಗಳಲ್ಲಿ 40 ಮಿಲಿಮೀಟರಿಗೆ ಕಡಮೆಯಿರಬಾರದೆಂದೂ, ಸಾಮಾನ್ಯ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿನದಕ್ಕೆ ಕನಿಷ್ಠ 10 ದಿನ ನೀರುಣಿಸಬೇಕೆಂದೂ ವಿಧಿಸುತ್ತದೆ. ಒಂದು ಪಾಲು ಸಿಮೆಂಟು, ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ ಎಂಬ ಹಳೆಯ ಲೆಕ್ಕವು ಮೇಸ್ತ್ರಿಗಳ ಬಾಯಲ್ಲಿ ಇನ್ನೂ ಉಳಿದಿದ್ದರೂ, ಇದೇ ಮಾನಕವು ಈಗ ಅದಕ್ಕಿಂತ ಬಲವಾದ ಎಂ20 ಮಿಶ್ರಣವನ್ನೇ ಕನಿಷ್ಠವೆಂದು ಗಣಿಸುತ್ತದೆ. ಮೋಲ್ಡ್ ಹಾಕುವ ದಿನ ಮಿಶ್ರಣವು ಸುಲಭವಾಗಿ ಹರಿಯಲೆಂದು ಒಂದೆರಡು ಬಿಂದಿಗೆ ನೀರನ್ನು ಹೆಚ್ಚಾಗಿ ಸುರಿದರೆ ಕೆಲಸವು ಸಂಜೆಗೆ ಬೇಗನೆ ಮುಗಿಯುವುದು ನಿಜ; ಆ ಹೆಚ್ಚಿನ ನೀರು ಆವಿಯಾಗಿ ಹೋದೆಡೆಯಲ್ಲಿ ಉಳಿಯುವ ಸೂಕ್ಷ್ಮರಂಧ್ರಗಳು ಮುಂದಿನ ಆಷಾಢದ ಮಳೆಗೆ ದಾರಿ ಮಾಡಿಕೊಡುವುದೂ ಅಷ್ಟೇ ನಿಜ.

ಹೊಸ ಹೋಟೆಲುಗಳ ದೋಷಗಳಲ್ಲಿ ಅಗ್ರಸ್ಥಾನವು ಬಚ್ಚಲಿಗೆ ಸಲ್ಲತಕ್ಕದ್ದು. ಹಿಂದೆ ಹಿತ್ತಿಲಲ್ಲಿದ್ದ ಒಂದೆರಡು ಬಚ್ಚಲುಗಳು ಈಗ ಕೊಠಡಿಗೊಂದರಂತೆ, ನಾಲ್ಕಾರು ಮಹಡಿಗಳಲ್ಲಿ ಒಂದರ ತಲೆಯ ಮೇಲೊಂದು ಕುಳಿತಿವೆ. ಕೊಳವೆಗಳನ್ನು ಮರೆಮಾಡಲು ತಾರಸಿಯನ್ನು ಆ ಭಾಗದಲ್ಲಿ ಒಂದಡಿಯಷ್ಟು ತಗ್ಗಿಸಿ, ಆ ತಗ್ಗನ್ನು ಇಟ್ಟಿಗೆಯ ಚೂರು ಮುಂತಾದುವುಗಳಿಂದ ತುಂಬಿ ಮೇಲೆ ಟೈಲ್ಸ್ ಹಾಸುವುದು ವಾಡಿಕೆ. ಟೈಲ್ಸಿನ ಸಂದಿನಿಂದ ಇಳಿದ ನೀರು ಆ ತುಂಬಿನೊಳಗೆ ನಿಂತು, ಹೊರಹೋಗಲು ದಾರಿಯಿಲ್ಲದೆ, ಕೆಳಗಿನ ಕೊಠಡಿಯ ಮಾಳಿಗೆಯಲ್ಲಿ ಕಲೆಯಾಗಿ ಮೂಡುತ್ತದೆ. ಟೈಲ್ಸ್ ಹಾಸುವ ಮುನ್ನ ಆ ತಗ್ಗಿನಲ್ಲಿ ನೀರನ್ನು ಕಟ್ಟಿ, ಎರಡು ಮೂರು ದಿನ ನಿಲ್ಲಿಸಿ, ಕೆಳಗಿನಿಂದ ನೋಡುವ ಪರೀಕ್ಷೆಯು ಯಾವ ಮೇಸ್ತ್ರಿಗೂ ಅಪರಿಚಿತವಲ್ಲ; ಆ ಎರಡು ಮೂರು ದಿನಗಳನ್ನು ಕೊಡುವವರು ವಿರಳ. ನೆಲದ ಇಳಿಜಾರಿನ ಮಾತೂ ಹೀಗೆಯೇ: ಜಾಲರಿಯ ಕಡೆಗೆ ಸ್ವಲ್ಪವೇ ವಾಟ ಕೊಟ್ಟರೆ ಸಾಕು, ಆದರೆ ದೊಡ್ಡ ಅಳತೆಯ ಟೈಲ್ಸನ್ನು ಕಡಿಯದೆ ಸಮನಾಗಿ ಹಾಸುವ ಸೊಗಸಿಗೆ ಮನಸೋತು ಆ ವಾಟವನ್ನು ಬಲಿಕೊಡುವುದುಂಟು. ಆಗ ವಯಸ್ಸಾದ ಅತಿಥಿಯೊಬ್ಬರು ಇರುಳಿನಲ್ಲಿ ಎದ್ದು ಆ ನೀರಿನ ಮೇಲೆ ಕಾಲಿಟ್ಟರೆ ಆಗುವ ಅನಾಹುತವನ್ನು ಯಾವ ಅಲಂಕಾರವೂ ತುಂಬಿಕೊಡಲಾರದು.

ಎರಡನೆಯ ದೋಷವು ಮುಖಾಲಂಕಾರದಿಂದ ಬಂದುದು. ದೂರದ ಮಹಾನಗರಗಳ ಕಚೇರಿಗಳನ್ನು ಕಂಡು ಮೆಚ್ಚಿದ ಕಣ್ಣುಗಳು, ಗಾಜಿನ ಹಾಗೂ ಅಲ್ಯೂಮಿನಿಯಂ ಹಲಗೆಗಳ ನುಣುಪಾದ ಮೈಯನ್ನು ಇಲ್ಲಿಯೂ ಬಯಸಿದುವು. ಆ ಮೈಗೆ ಅಡ್ಡಬರುವ ಸಜ್ಜಾ, ಸೂರು, ವರಾಂಡಗಳನ್ನು ಹಳೆಯ ಕಾಲದ ಕಂತೆಯೆಂದು ಬಿಸುಟರು. ಕಿಟಕಿಯ ಮೇಲೆ ಎರಡಡಿಯ ಸಜ್ಜಾ ಇಲ್ಲದಿದ್ದರೆ ಅಡ್ಡಮಳೆಯು ಚೌಕಟ್ಟಿನ ಸಂದಿಗೇ ನೇರವಾಗಿ ಬಡಿಯುತ್ತದೆ. ತೆರೆಯಬಾರದ ಗಾಜಿನ ಕಿಟಕಿಯ ಕೊಠಡಿಯಲ್ಲಿ, ಎ.ಸಿ. ಯಂತ್ರವು ನಿಂತೊಡನೆ, ಒದ್ದೆ ಬಟ್ಟೆಯ, ಬಿಸಿನೀರಿನ ಹಬೆಯ, ಮನುಷ್ಯರ ಉಸಿರಿನ ತೇವವೆಲ್ಲ ಹೋಗಲೆಡೆಯಿಲ್ಲದೆ ಗೋಡೆಯ ಕಾಗದದ ಹಿಂದೆ ಬೂಸ್ಟಾಗಿ ಬೆಳೆಯುತ್ತದೆ. ಬಿಸಿಲು ಕಾಣದ ನಾಡಿನಲ್ಲಿ ಗಾಳಿಯೊಂದೇ ಗೋಡೆಯನ್ನು ಒಣಗಿಸಬಲ್ಲದು. ಗಾಳಿಯ ದಾರಿಯನ್ನು ಮುಚ್ಚಿ ಬಣ್ಣದ ಕಂಪನಿಯನ್ನು ದೂರುವುದರಿಂದ ಫಲವಿಲ್ಲ.

ಮೂರನೆಯದು ನಿವೇಶನದ ದೋಷ. ಊರು ಬೆಳೆದಂತೆ ಗದ್ದೆಗಳೂ ತೋಟಗಳೂ ತಗ್ಗಿನ ನೆಲಗಳೂ ಬಡಾವಣೆಗಳಾದುವು. ನೀರು ತಾನು ನೂರಾರು ವರ್ಷ ಹರಿದ ಜಾಡನ್ನು ನಕ್ಷೆಯಲ್ಲಿ ಅಳಿಸಿದ ಮಾತ್ರಕ್ಕೆ ಮರೆಯುವುದಿಲ್ಲ. 2019ರ ಆಗಸ್ಟಿನಲ್ಲಿ ತುಂಗೆಯು ಉಕ್ಕಿ ಶಿವಮೊಗ್ಗೆಯ ತಗ್ಗಿನ ಬಡಾವಣೆಗಳಿಗೆ ನುಗ್ಗಿದುದು ಈ ತತ್ತ್ವವನ್ನು ಇಡೀ ನಗರಕ್ಕೆ ಮನವರಿಕೆ ಮಾಡಿಕೊಟ್ಟಿತು. ಇಂತಹ ನೆಲದಲ್ಲಿ ವಾಹನ ನಿಲ್ಲಿಸಲೆಂದು ನೆಲಮಾಳಿಗೆಯನ್ನು ತೋಡಿ, ವಿದ್ಯುತ್ತಿನ ಫಲಕಗಳನ್ನೂ ನೀರಿನ ಪಂಪನ್ನೂ ಅಲ್ಲಿಯೇ ಇಡುವ ವಿನ್ಯಾಸವು, ಮೊದಲ ನೆರೆಯಲ್ಲಿಯೇ ಇಡೀ ಕಟ್ಟಡವನ್ನು ಕತ್ತಲಲ್ಲಿ ನಿಲ್ಲಿಸಬಲ್ಲದು. ಭದ್ರೆಯ ದಡದ ಜಗತಿಯನ್ನು ಎತ್ತರಿಸಿದ ಶಿಲ್ಪಿಯ ಬುದ್ಧಿಯು ಇಂದಿನ ನಕ್ಷೆಗಾರನಿಗೆ ಎಟುಕದುದೇನೂ ಅಲ್ಲ. ನಕ್ಷೆ ಬರೆಯುವ ಮೊದಲು ಆ ನೆಲವನ್ನು ಒಂದು ಮಳೆಯ ದಿನ ಹೋಗಿ ನೋಡುವ ತಾಳ್ಮೆಯೊಂದು ಬೇಕು.

ಇವೆಲ್ಲಕ್ಕೂ ಮೂಲವಾದ ಕಾರಣವನ್ನು ಹುಡುಕಿದರೆ ಅದು ಸಾಮಗ್ರಿಯ ಕೊರತೆಯಲ್ಲಿಯೂ ಇಲ್ಲ, ವಿದ್ಯೆಯ ಕೊರತೆಯಲ್ಲಿಯೂ ಇಲ್ಲ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಭದ್ರಾವತಿಯ ಕಾರ್ಖಾನೆಯು ಹಿಂದಿನ ವೈಭವವನ್ನು ಕಳೆದುಕೊಂಡಿದ್ದರೂ, ಉತ್ತಮವಾದ ಉಕ್ಕೂ ಸಿಮೆಂಟೂ ಇಂದು ಯಾವ ಅಂಗಡಿಯಲ್ಲಿಯಾದರೂ ದೊರೆಯುತ್ತವೆ. ಎಂಜಿನಿಯರಿಂಗ್ ಕಾಲೇಜೂ ಇದೇ ಜಿಲ್ಲೆಯಲ್ಲಿದೆ. ಕಳೆದುಹೋಗಿರುವುದು ಕಾಲ. ಸಾಲದ ಬಡ್ಡಿ ತಿಂಗಳು ತಿಂಗಳೂ ಏರುತ್ತಿರುವಾಗ, ಮದುವೆಯ ಮುಹೂರ್ತಗಳೋ ದಸರೆಯ ರಜವೋ ಎದುರಿಗಿರುವಾಗ, 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನನಿಲ್ದಾಣವು ತೆರೆದು ಹೊಸ ಪ್ರವಾಸಿಗಳ ನಿರೀಕ್ಷೆಯು ಮೂಡಿರುವಾಗ, ಉದ್ಘಾಟನೆಯ ದಿನವನ್ನು ಮೊದಲು ಗೊತ್ತುಮಾಡಿ ಕಟ್ಟಡವನ್ನು ಆ ದಿನಕ್ಕೆ ಎಳೆದುತರುವ ಆತುರವು ಸಹಜವೆನಿಸಬಹುದು. ಇದರೊಡನೆ ಹೊಣೆಯೂ ಹಂಚಿಹೋಗಿದೆ: ನಕ್ಷೆ ಬರೆದವನೊಬ್ಬ, ಕಟ್ಟಿದ ಗುತ್ತಿಗೆದಾರನೊಬ್ಬ, ಕೊಳವೆ ಜೋಡಿಸಿದವನೊಬ್ಬ, ಹಣ ಹಾಕಿದವನೊಬ್ಬ, ನಡೆಸುವವನು ಮತ್ತೊಬ್ಬ. ಸೋರಿಕೆ ಕಂಡಾಗ ಪ್ರತಿಯೊಬ್ಬನೂ ಮತ್ತೊಬ್ಬನನ್ನು ತೋರಿಸುತ್ತಾನೆ. ಹಳೆಯ ಬಂಗಲೆಗಿದ್ದ ಓವರ್‌ಸಿಯರನೂ, ಗಲ್ಲದ ಮೇಲೆ ಕುಳಿತಿದ್ದ ಮಾಲೀಕನೂ ಅಲ್ಲಿಲ್ಲ.

ಸ್ವಂತ ಮನೆ ಸೋರಿದರೆ ಮನೆಯವನಿಗೆ ಅದನ್ನು ತಿದ್ದಿಕೊಳ್ಳಲು ವರ್ಷಗಳಿವೆ. ಹೋಟೆಲಿಗೆ ಬಂದವನಿಗೆ ಇರುವುದು ಒಂದಿರುಳು. ಕಂಬದೊಳಗಿನ ಸರಳನ್ನೋ, ತಂತಿಯ ಜೋಡಣೆಯನ್ನೋ, ಬೆಂಕಿ ಬಿದ್ದಾಗ ಇಳಿಯತಕ್ಕ ಎರಡನೆಯ ಮೆಟ್ಟಿಲಿನ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂಬುದನ್ನೋ ಅವನು ಪರೀಕ್ಷಿಸಲಾರ. ತನಗೆ ಪರಿಚಯವಿಲ್ಲದವರ ಕೈಯಲ್ಲಿ ತನ್ನ ಹೆಂಡಿರು ಮಕ್ಕಳ ಪ್ರಾಣವನ್ನಿಟ್ಟು ಅವನು ಕಣ್ಣು ಮುಚ್ಚುತ್ತಾನೆ. ಈ ನಂಬಿಕೆಯ ಭಾರವನ್ನು ಹೊರುವುದರಿಂದಲೇ ಅತಿಥಿಗೃಹವು ಉಳಿದ ಕಟ್ಟಡಗಳಿಗಿಂತ ಹೆಚ್ಚಿನ ಎಚ್ಚರವನ್ನು ಬೇಡುತ್ತದೆ.

ಆದುದರಿಂದ ಈ ಎರಡು ಊರುಗಳಲ್ಲಿ ಹೋಟೆಲು ಕಟ್ಟಿಸುವವರಲ್ಲಿ ಮಾಡತಕ್ಕ ವಿಜ್ಞಾಪನೆ ಒಂದೇ: ಕಟ್ಟಡದ ಮೈ ಮುಗಿದ ಮೇಲೆ, ಒಳಗಿನ ಅಲಂಕಾರಕ್ಕೆ ಕೈಹಚ್ಚುವ ಮೊದಲು, ಅದಕ್ಕೆ ಒಂದು ಪೂರ್ಣವಾದ ಮಳೆಗಾಲವನ್ನು ಕೊಡಿ. ಆ ನಾಲ್ಕು ತಿಂಗಳಲ್ಲಿ ತಾರಸಿಯ ನೀರು ಎತ್ತ ಹರಿಯುತ್ತದೆ, ಯಾವ ಗೋಡೆ ನೆನೆಯುತ್ತದೆ, ಯಾವ ಬಚ್ಚಲು ಇಳಿಯುತ್ತದೆ, ನೆಲಮಾಳಿಗೆಗೆ ಎಷ್ಟು ನೀರು ಬರುತ್ತದೆ ಎಂಬುದೆಲ್ಲ ತಾನಾಗಿ ಬೆಳಕಿಗೆ ಬರುತ್ತದೆ. ಅಲಂಕಾರವಿಲ್ಲದ ಗೋಡೆಯನ್ನು ತಿದ್ದುವ ವೆಚ್ಚವು, ಅತಿಥಿಗಳನ್ನು ಹೊರಗೆ ಕಳಿಸಿ ಟೈಲ್ಸ್ ಒಡೆಯುವ ವೆಚ್ಚದ ಮುಂದೆ ಅತ್ಯಲ್ಪ. ಶಿವಮೊಗ್ಗೆಯ ಮಹಾನಗರಪಾಲಿಕೆಯೂ ಭದ್ರಾವತಿಯ ನಗರಸಭೆಯೂ ಅತಿಥಿಗೃಹಗಳಿಗೆ ಸ್ವಾಧೀನಾನುಭವ ಪತ್ರವನ್ನು ಕೊಡುವ ಮೊದಲು, ನಕ್ಷೆಯನ್ನು ನೋಡುವಂತೆಯೇ ಬಚ್ಚಲಿನಲ್ಲಿ ನಿಲ್ಲಿಸಿದ ನೀರನ್ನೂ ತೆರೆದಿರುವ ತುರ್ತು ಬಾಗಿಲನ್ನೂ ನೋಡುವ ಕ್ರಮವನ್ನು ಹಾಕಿಕೊಂಡರೆ, ದುಡಿಮೆಯಲ್ಲಿ ನಿಷ್ಠೆಯುಳ್ಳ ಮೇಸ್ತ್ರಿಗೂ ಬಲ ಬರುತ್ತದೆ. ಏಕೆಂದರೆ ಆತುರಪಡಿಸುವ ಧಣಿಯೆದುರಿಗೆ ಅವನ ಮಾತಿಗೆ ಈಗ ಬೆಲೆಯಿಲ್ಲ. ಕಬ್ಬಿಣವನ್ನೂ ಸಿಮೆಂಟನ್ನೂ ನಾಡಿಗೆ ಮಾಡಿಕೊಟ್ಟ ಸೀಮೆಯಿದು. ಅವುಗಳಿಂದ ಕಟ್ಟುವ ಕೆಲಸವು ಹೇಗಿರಬೇಕೆಂಬುದನ್ನೂ ನಾಡಿಗೆ ತೋರಿಸಿಕೊಡತಕ್ಕ ಕರ್ತವ್ಯವು ಈ ಸೀಮೆಯದೇ.